ಸೊನ್ನೆ ಪಾಯಿಂಟ್ ಸೊನ್ನೆ ಗಂಡಸು

ಗೋಕಾಕಕ್ಕೆ ಕರದಂಟಿನ ಹೆಸರಿದೆ. ಸಂಕೇಶ್ವರಕ್ಕೆ ಮೆಣಸಿನಕಾಯಿಯ ಹೆಸರಿದೆ. ಬೀಗರು ಬಂದರೆ ಡಬ್ಬಿ ಕಟ್ಟಿ ಕೊಡುತ್ತೇವೆ, ಬೆಂಗಳೂರಿಗೆ ಹೊರಟವರ ಚೀಲಕ್ಕೆ ಒತ್ತಾಯ ಮಾಡಿ ತುರುಕುತ್ತೇವೆ. ಇದೇ ಸೀಮೆಯಲ್ಲಿ ತಯಾರಾಗಿ ದೇಶದ ಮೂಲೆಮೂಲೆಗೆ ಹೋಗುವ ಇನ್ನೊಂದು ಮಾಲಿದೆ. ಅದರ ಸಲುವಾಗಿ ಮಾತ್ರ ನಾವು ಯಾವತ್ತೂ ಎದೆ ತಟ್ಟಿಕೊಂಡಿಲ್ಲ. ಸಂಕೇಶ್ವರ ದಾಟಿ ನಿಪ್ಪಾಣಿಯ ಕಡೆ ಹೊರಟರೆ ಹುಕ್ಕೇರಿ ತಾಲ್ಲೂಕಿನ ಕಣಗಲಾ ಬರುತ್ತದೆ. ಅಲ್ಲಿ 1985ರಲ್ಲಿ ಕೇಂದ್ರ ಸರ್ಕಾರದ ಹಿಂದೂಸ್ತಾನ್ ಲ್ಯಾಟೆಕ್ಸ್ ಕಂಪನಿ ತನ್ನ ಕಾರ್ಖಾನೆ ತೆರೆಯಿತು. ಕಂಪನಿಯ ಈಗಿನ ಹೆಸರು ಎಚ್‌ಎಲ್‌ಎಲ್ ಲೈಫ್‌ಕೇರ್. ಅಲ್ಲಿ ಕಾಂಡೋಮ್ ಆಗುತ್ತವೆ, ಗರ್ಭನಿರೋಧಕ ಗುಳಿಗೆಯೂ ಆಗುತ್ತವೆ. ಕಂಪನಿಯ ಎಲ್ಲ ಕಾರ್ಖಾನೆಗಳ ಲೆಕ್ಕ ಹಿಡಿದರೆ ವರ್ಷಕ್ಕೆ ನೂರು ಕೋಟಿಗೂ ಮೀರಿದ ಕಾಂಡೋಮ್ ತಯಾರಿಸುವ ತಾಕತ್ತು ಅದಕ್ಕಿದೆ.

ಕಾಂಡೋಮ್ ಮಾಡುವ ಕೆಲಸ ಬಹಳ ಶಿಸ್ತಿನದು. ಅಚ್ಚನ್ನು ರಬ್ಬರಿನ ಹಾಲಿನಲ್ಲಿ ಅದ್ದಬೇಕು, ಒಣಗಿಸಬೇಕು, ಮತ್ತೆ ಅದ್ದಬೇಕು. ಆಮೇಲೆ ಒಂದೊಂದಕ್ಕೂ ವಿದ್ಯುತ್ ಪರೀಕ್ಷೆ. ಸೂಜಿಮೊನೆಯಷ್ಟು ತೂತಿದ್ದರೂ ಅದು ಹೊರಗೆ. ನೀರು ತುಂಬಿ ಸೋರುತ್ತದೆಯೇ ನೋಡುತ್ತಾರೆ, ಗಾಳಿ ತುಂಬಿ ಎಷ್ಟಕ್ಕೆ ಒಡೆಯುತ್ತದೆ ನೋಡುತ್ತಾರೆ. ಇಷ್ಟೆಲ್ಲ ಪರೀಕ್ಷೆಯಲ್ಲಿ ಪಾಸಾದ ಮಾಲು ಕಾರ್ಖಾನೆಯ ಗೇಟು ದಾಟಿದ ಮೇಲೆ ಎದುರಿಸುವ ಕೊನೆಯ ಪರೀಕ್ಷೆ ಒಂದಿದೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಗಂಡಸು. ಅಲ್ಲಿ ಅದು ನಪಾಸು.

ಇದು ನನ್ನ ಹೊಟ್ಟೆಕಿಚ್ಚಿನ ಮಾತಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು 2019–20ರಲ್ಲಿ ಕರ್ನಾಟಕದ ಮನೆಮನೆಗೆ ಹೋಗಿ ಕೇಳಿಕೊಂಡು ಬಂದರು. ಮದುವೆಯಾದ, ಹೆರುವ ವಯಸ್ಸಿನ ನೂರು ಹೆಣ್ಣುಮಕ್ಕಳಲ್ಲಿ 57.4 ಮಂದಿ ಸಂತಾನಹರಣ ಆಪರೇಷನ್ ಮಾಡಿಸಿಕೊಂಡವರು. ಕಾಂಡೋಮ್ ಬಳಸುವ ಜೋಡಿಗಳು ಒಂದಂಕಿ ದಾಟುವುದಿಲ್ಲ. ಇನ್ನು ಗಂಡ ಆಪರೇಷನ್ ಮಾಡಿಸಿಕೊಂಡ ಮನೆಗಳು? ಆ ಸಾಲಿನಲ್ಲಿ ಅಚ್ಚಾಗಿರುವುದು 0.0. ಸಮೀಕ್ಷೆಯವರ ತಪ್ಪಿಲ್ಲ, ಅವರು ಒಂದು ದಶಮಾಂಶದವರೆಗೆ ಮಾತ್ರ ಬರೆಯುತ್ತಾರೆ. ಎರಡನೆಯ ದಶಮಾಂಶಕ್ಕೆ ಇಳಿದು ಹುಡುಕಿದ್ದರೆ ಯಾವುದೋ ಮೂಲೆಯಲ್ಲಿ ಒಬ್ಬಿಬ್ಬರು ಸಿಗುತ್ತಿದ್ದರು. ಇಡೀ ರಾಜ್ಯದ ಗಂಡಸು ಜಾತಿ ಭೂತಗನ್ನಡಿ ಹಿಡಿದರೂ ಕಾಣದ ಕ್ಷೇತ್ರ ಇದೊಂದೇ. ಉಳಿದ ಕಡೆಯೆಲ್ಲ ಫ್ಲೆಕ್ಸ್ ಬ್ಯಾನರಿನಲ್ಲಿ ಕೈ ಮುಗಿದು ನಿಂತಿರುತ್ತದೆ.

ಹಾಗಂತ ನಮ್ಮ ಸೀಮೆಯಲ್ಲಿ ಗರ್ಭನಿರೋಧಕದ ಆಯ್ಕೆ ಅವಸರದಲ್ಲಿ ಆಗುತ್ತದೆ ಎಂದು ತಿಳಿಯಬೇಡಿ. ಸರಿಯಾದ ಸಭೆ ಕೂಡುತ್ತದೆ. ಎರಡನೆಯ ಹೆರಿಗೆಯಾಗಿ ಗಂಡುಮಗು ಹುಟ್ಟಿದ ಮೇಲೆ (ಈ ಷರತ್ತು ಬಹಳ ಮುಖ್ಯ, ಎರಡೂ ಹೆಣ್ಣಾಗಿದ್ದರೆ ಸಭೆ ಮುಂದಕ್ಕೆ ಹೋಗುತ್ತದೆ) ಪಡಸಾಲೆಯಲ್ಲಿ ಅತ್ತೆ, ಮಾವ, ಭಾವ, ಸೋದರತ್ತೆ, ಆ ದಿನ ಸುಮ್ಮನೆ ಚಹಾಕ್ಕೆ ಬಂದ ಬೀಗರು ಎಲ್ಲರೂ ಕೂಡುತ್ತಾರೆ. ಗಂಡ ಬಾಗಿಲ ಚೌಕಟ್ಟಿಗೆ ಆತುಕೊಂಡು ಮೊಬೈಲು ನೋಡುತ್ತಿರುತ್ತಾನೆ. ಯಾರ ಹೊಟ್ಟೆಯ ಮೇಲೆ ನಿರ್ಧಾರ ಆಗಬೇಕಿದೆಯೋ ಆಕೆ ಒಳಗೆ ಚಹಾ ಸೋಸುತ್ತಿರುತ್ತಾಳೆ.

"ಥಂಡಿ ದಿನದಾಗ ಮುಗಿಸಿಬಿಡೂನು. ಗಾಯ ಲಗೂನ ಮಾಯ್ತಾವು," ಎನ್ನುತ್ತಾಳೆ ಅತ್ತೆ.

"ಕಬ್ಬಿನ ಸೀಜನ್ ಐತಲ್ಲ ಎವ್ವಾ. ಮನ್ಯಾಗ ಅಡಗಿ ಯಾರ ಮಾಡ್ತಾರ?" ಎನ್ನುತ್ತಾನೆ ಭಾವ.

"ಅಕಿ ತವರಮನ್ಯಾಗ ಮಾಡಿಸ್ಕೊಂಡ ಬರ್ಲಿ. ಬಾಣಂತನದ ಕೂಡ ಅದೂ ಆಗಿಹೋಗ್ಲಿ," ಎನ್ನುತ್ತಾರೆ ಮಾವ. ಖರ್ಚು ಬೀಗರ ಕಡೆ ಬೀಳುವ ಈ ಸಲಹೆಗೆ ಸರ್ವಾನುಮತ. ಠರಾವು ಪಾಸು. ಗಂಡ ಮೊಬೈಲಿನಿಂದ ತಲೆ ಎತ್ತದೆ "ಹೂಂ" ಅನ್ನುತ್ತಾನೆ. ಕುಟುಂಬ ಯೋಜನೆಯಲ್ಲಿ ಪುರುಷರ ಪಾಲ್ಗೊಳ್ಳುವಿಕೆ ಎಂದು ಇಲಾಖೆಯ ಭಿತ್ತಿಪತ್ರ ಹೇಳುವುದು ಬಹುಶಃ ಈ ಹೂಂಗೇ.

ಈ ಸಭೆಯಲ್ಲಿ ವಿಧಾನ ಯಾವುದು ಎಂಬ ಪ್ರಶ್ನೆಯೇ ಬರಲಿಲ್ಲ ನೋಡಿ. ಬಂದದ್ದು ಯಾವಾಗ, ಎಲ್ಲಿ, ಯಾರ ಖರ್ಚು. ಮೂಡಲಗಿಯ ದನದ ಸಂತೆಯಲ್ಲಿ ಎತ್ತು ಕೊಳ್ಳುವಾಗ ಇದೇ ಮಂದಿ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ, ಸುಳಿ ಹುಡುಕುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾರೆ. ಮನೆಯ ಸೊಸೆಗೆ ಬಿ.ಪಿ. ಇದೆಯೇ, ರಕ್ತ ಎಷ್ಟಿದೆ, ಇನ್ನೊಂದು ಮಗು ಬೇಕೆಂದು ಅವಳ ಮನಸ್ಸಿನಲ್ಲಿದೆಯೇ, ಇದನ್ನು ಕೇಳುವವರಿಲ್ಲ.

ಸರ್ಕಾರಿ ದವಾಖಾನೆಯ ಗೋಡೆಯ ಮೇಲಾದರೋ ಆಯ್ಕೆಯ ಬುಟ್ಟಿ ತುಂಬಿ ತುಳುಕುತ್ತಿದೆ. ಅಲ್ಲಿ ಗರ್ಭಕೋಶದೊಳಗೆ ಹಾಕುವ ವಂಕಿ ಇದೆ. ಹತ್ತು ವರ್ಷದ್ದು, ಐದು ವರ್ಷದ್ದು. ಬೇಕಾದಾಗ ಹಾಕಿಸಬಹುದು, ಬೇಡವಾದಾಗ ತೆಗೆಸಬಹುದು, ಹೆರಿಗೆಯಾದ 48 ತಾಸಿನೊಳಗೇ ಹಾಕಿಸಿಕೊಂಡು ಮನೆಗೆ ಬರಬಹುದು. ಕೆಲವರಿಗೆ ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವ ಹೆಚ್ಚಾಗುತ್ತದೆ. ದಿನಕ್ಕೊಂದು ನುಂಗುವ ಮಾಲಾ-ಎನ್ ಇದೆ. ಕೂಸಿಗೆ ಆರು ತಿಂಗಳಾಗುವವರೆಗೆ ಮೊಲೆ ಕುಡಿಸುವ ತಾಯಿಗೆ ಅದು ಬೇಡ. ಅಂಥವಳಿಗೆ ಛಾಯಾ ಇದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ಕಂಡುಹಿಡಿದ, ಹಾರ್ಮೋನು ಇಲ್ಲದ ಗುಳಿಗೆ ಅದು. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಮೂರು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವ ಅಂತರಾ ಇದೆ. ಮುಟ್ಟು ಏರುಪೇರಾಗಬಹುದು, ಹೆದರಬೇಕಿಲ್ಲ, ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ಹಿಡಿಯುತ್ತದೆ. ನಿರೋಧ್ ಇದೆ; ಗರ್ಭದ ಜತೆಗೆ ರೋಗವನ್ನೂ ತಡೆಯುವುದು ಇಡೀ ಬುಟ್ಟಿಯಲ್ಲಿ ಅದೊಂದೇ. ಇಷ್ಟೆಲ್ಲ ತುಂಬಿಟ್ಟ ಬುಟ್ಟಿಯನ್ನು ನಮ್ಮ ಸಭೆಯವರು ಬೋರಲು ಹಾಕಿ, ತಳದಲ್ಲಿ ಬಿದ್ದಿದ್ದ ಹೆಂಗಸರ ಆಪರೇಷನ್ ಒಂದನ್ನೇ ಎತ್ತಿಕೊಂಡು ಮನೆಗೆ ಹೋಗುತ್ತಾರೆ. ಮೊದಲ ಕೂಸಿಗೂ ಎರಡನೆಯದಕ್ಕೂ ನಡುವೆ ಮೂರು ವರ್ಷ ಅಂತರ ಇರಲಿ ಎನ್ನುವುದಕ್ಕೆ ಒಂದೂ ಸಾಧನ ಬಳಸದವರು, ಎರಡೂ ಹುಟ್ಟಿದ ಮೇಲೆ ಒಂದೇ ಏಟಿಗೆ ಕದ ಹಾಕಿ ಕೀಲಿ ಜಡಿದು ಬಿಡುತ್ತಾರೆ. ಕೀಲಿ ಜಡಿಯುವ ಹೊತ್ತಿಗೆ ಆ ಹುಡುಗಿಗೆ ಎಷ್ಟೋ ಸಲ ಇಪ್ಪತ್ತೈದೂ ತುಂಬಿರುವುದಿಲ್ಲ.

ಗಂಡಸರ ಆಪರೇಷನ್? ಆ ಮಾತು ಎತ್ತಿ ನೋಡಿ.

ಒಮ್ಮೆ ಎತ್ತಿ ನೋಡಿದ್ದೇನೆ, ಘಟಪ್ರಭಾ ಸ್ಟೇಷನ್ನಿನ ಹತ್ತಿರದ ಒಂದು ಚಹಾದಂಗಡಿಯಲ್ಲಿ. ಬೆಳಗಾವಿ ಜಿಲ್ಲೆ ಒಡೆಯಬೇಕೋ ಬೇಡವೋ, ಗೋಕಾಕ ಜಿಲ್ಲೆ ಆಗಬೇಕೋ ಚಿಕ್ಕೋಡಿ ಆಗಬೇಕೋ ಎಂದು ಟೇಬಲ್ಲು ಗುದ್ದುತ್ತಿದ್ದವರೆಲ್ಲ ಒಮ್ಮೆಲೇ ಬಸ್ಸಿನ ವೇಳೆ ಕೇಳತೊಡಗಿದರು. ಉಳಿದವರಲ್ಲಿ ಒಬ್ಬರು, ಗಟ್ಟಿ ಆಳು, ಹತ್ತು ಎಕರೆ ಕಬ್ಬಿನವರು, ನನ್ನ ಮೇಲೆ ಕನಿಕರಪಟ್ಟು ತಿಳಿಸಿ ಹೇಳಿದರು:

"ನೋಡ್ರಿ ಸಾಹೇಬ್ರ, ಹೆಣಮಕ್ಕಳಿಗೆ ಏನೂ ಆಗೂದಿಲ್ಲ. ಗಂಡಸಿನ ಮೈ ಹಂಗಲ್ರೀ. ನಾವು ಭಾರ ಎತ್ತಾವ್ರು. ಆ ನರ ಕತ್ತರಿಸಿದ್ರ ಸೊಂಟದಾಗಿನ ಶಕ್ತಿನ ಹೋಗತೈತಿ."

"ಯಾರ ಹೇಳಿದ್ರು?"

"ಯಾಕ, ಎತ್ತಿಗೆ ಮಾಡೂದಿಲ್ಲೇನ? ಅದನ್ನ ನೋಡಿದ್ರ ಗೊತ್ತಾಗೂದಿಲ್ಲೇನ? ನಮ್ಮನ್ನ ಎತ್ತು ಮಾಡಬೇಕಂತ ಮಾಡೀರೇನ?"

ನಾನು ಎದುರಿಗೆ ನಿಂತಿದ್ದ ಗಾಡಿ ನೋಡಿದೆ. ನೊಗದಲ್ಲಿ ಎರಡು ಎತ್ತು, ಹಿಂದೆ ಕಬ್ಬಿನ ಹೇರು. ಬೀಜ ಒಡೆಸಿದ ಮೇಲೆಯೇ ಅವು ಎತ್ತಾಗಿದ್ದು, ಎತ್ತಾದ ಮೇಲೆಯೇ ಅವುಗಳ ಹೆಗಲ ಮೇಲೆ ಆ ಟನ್ನುಗಟ್ಟಲೆ ಭಾರ ಬಂದದ್ದು. ಒಡೆಸದ ಹೋರಿಯನ್ನು ರೈತರು ಸಾಮಾನ್ಯವಾಗಿ ಇಂಥ ಭಾರದ ನೊಗಕ್ಕೆ ಕಟ್ಟುವುದಿಲ್ಲ. ಅದು ಊರೆಲ್ಲ ತಿರುಗಿ ಮಂದಿಯ ಬೆಳೆ ಮೇಯುತ್ತದೆ. ಅಂದರೆ ನಮ್ಮ ರೈತರ ಹಿತ್ತಲಿನಲ್ಲೇ ಅವರ ವಾದದ ಉಲ್ಟಾ ಸಾಕ್ಷಿ ಮೆಲುಕು ಹಾಕುತ್ತ ನಿಂತಿದೆ. ಇಷ್ಟಾಗಿಯೂ ಎತ್ತಿಗೆ ಮಾಡುವುದಕ್ಕೂ ಮನುಷ್ಯನಿಗೆ ಮಾಡುವುದಕ್ಕೂ ಸಂಬಂಧವೇ ಇಲ್ಲ. ಅಲ್ಲಿ ಬೀಜವನ್ನೇ ನಿಷ್ಕ್ರಿಯ ಮಾಡುತ್ತಾರೆ. ಇಲ್ಲಿ ಬೀಜಕ್ಕೆ ಕೈ ಹಚ್ಚುವುದಿಲ್ಲ. ವೀರ್ಯಾಣು ಸಾಗುವ ಸಣ್ಣ ನಾಳವನ್ನು ಕತ್ತರಿಸಿ ಕಟ್ಟುತ್ತಾರೆ, ಅಷ್ಟೇ. ಗಂಡಸುತನದ ಹಾರ್ಮೋನು ಆ ನಾಳದಲ್ಲಿ ಹರಿಯುವುದೇ ಇಲ್ಲ, ಅದು ನೇರ ರಕ್ತಕ್ಕೆ ಹೋಗುತ್ತದೆ. ಗಡ್ಡ, ದನಿ, ಬಯಕೆ, ಬಸ್ಸಿನಲ್ಲಿ ಸೀಟಿಗಾಗಿ ಜಗಳ ತೆಗೆಯುವ ಹುಮ್ಮಸ್ಸು, ಎಲ್ಲ ಇದ್ದ ಹಾಗೇ ಇರುತ್ತದೆ.

ಇದನ್ನೆಲ್ಲ ಹೇಳಿದೆ. ಅವರು ಶಾಂತವಾಗಿ ಕೇಳಿ, "ಅದು ಖರೆ ಇರಬಹುದ್ರಿ. ಆದ್ರ ನಮ್ಮ ಮೈಗೆ ಒಗ್ಗೂದಿಲ್ಲ," ಎಂದರು. ಮಾಡಿಸಿಕೊಳ್ಳದೆಯೇ ಒಗ್ಗುವುದಿಲ್ಲ ಎಂದು ತಿಳಿಯುವ ಈ ಶಕ್ತಿ ಗಂಡಸಿಗೆ ಹುಟ್ಟಿನಿಂದ ಬಂದದ್ದು. ಹೆಂಗಸಿಗೆ ಆ ಶಕ್ತಿ ಇಲ್ಲವಾದ್ದರಿಂದ ಆಕೆ ಮಾಡಿಸಿಕೊಂಡೇ ತಿಳಿಯಬೇಕು.

ಎರಡು ಆಪರೇಷನ್ ಪಕ್ಕಪಕ್ಕ ಇಟ್ಟು ನೋಡಿ. ಹೆಂಗಸರದ್ದು ಹೊಟ್ಟೆ ಕೊಯ್ದು ಒಳಗಿನ ನಾಳ ಹುಡುಕಿ ಕಟ್ಟುವ ಕೆಲಸ, ಇಲ್ಲವೇ ಹೊಟ್ಟೆಗೆ ಗಾಳಿ ತುಂಬಿ ದುರ್ಬೀನು ಇಳಿಸಿ ಉಂಗುರ ಹಾಕುವ ಕೆಲಸ. ಗಂಡಸರದ್ದು 1974ರಲ್ಲಿ ಚೀನಾದ ಲಿ ಶುನ್‌ಚಿಯಾಂಗ್ ಎಂಬ ವೈದ್ಯ ರೂಪಿಸಿದ, ಕತ್ತಿಯೂ ಹೊಲಿಗೆಯೂ ಇಲ್ಲದ ವಿಧಾನ. ಆ ಜಾಗಕ್ಕಷ್ಟೇ ಮರಗಟ್ಟುವ ಸೂಜಿ, ಒಂದು ಸಣ್ಣ ರಂಧ್ರ, ಇಪ್ಪತ್ತು ನಿಮಿಷ. ಅರ್ಧ ತಾಸು ಕೂತು ಚಹಾ ಕುಡಿದು ಮನೆಗೆ ಹೋಗಬಹುದು. ಮುಂದಿನ ಮೂರು ತಿಂಗಳು ಕಾಂಡೋಮ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ಖಾತ್ರಿ ಮಾಡಿಕೊಳ್ಳಬೇಕು. ಅಪಾಯ ಕಡಿಮೆ, ವಿಫಲವಾಗುವುದು ಕಡಿಮೆ, ಸಮಯ ಕಡಿಮೆ. ಆದಕಾರಣ ಅದನ್ನು ಯಾರೂ ಮಾಡಿಸಿಕೊಳ್ಳುವುದಿಲ್ಲ.

ದುಡ್ಡಿನ ಆಸೆಗಾದರೂ ಬರಬಹುದೆಂದು ಸರ್ಕಾರ ಎಣಿಸಿತ್ತು. 2007ರಲ್ಲಿ ಪರಿಷ್ಕರಿಸಿದ ದರಪಟ್ಟಿಯಲ್ಲಿ ಆಪರೇಷನ್ ಮಾಡಿಸಿಕೊಂಡ ಗಂಡಸಿಗೆ 1,100 ರೂಪಾಯಿ, ಬಡತನ ರೇಖೆಗಿಂತ ಕೆಳಗಿನ ಹೆಂಗಸಿಗೆ 600. ಹೊಟ್ಟೆ ಕೊಯ್ಸಿಕೊಂಡವಳಿಗೆ ಆರು ನೂರು, ರಂಧ್ರ ಮಾಡಿಸಿಕೊಂಡವನಿಗೆ ಸಾವಿರದ ನೂರು! ಕೂಲಿಯಲ್ಲಿ ಗಂಡಾಳು ಹೆಣ್ಣಾಳು ಎಂಬ ಭೇದವನ್ನು ಸರ್ಕಾರ ಇಷ್ಟು ನಿಷ್ಠೆಯಿಂದ ಪಾಲಿಸಿದ್ದು ಬೇರೆಲ್ಲೂ ಇರಲಿಕ್ಕಿಲ್ಲ. ಆದರೂ ಗಂಡಾಳು ಬರಲಿಲ್ಲ. ಐನೂರು ರೂಪಾಯಿಗೆ ಓಟು ಹಾಕಬಲ್ಲವನು ಸಾವಿರದ ನೂರಕ್ಕೆ ಇಪ್ಪತ್ತು ನಿಮಿಷ ಮಲಗಲಾರ. ಸ್ವಾಭಿಮಾನ ಎಂದರೆ ಇದು.

ಆಮೇಲೆ ಪಾಕ್ಷಿಕ ಬಂತು. ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಪುರುಷರ ಆಪರೇಷನ್ ಪಾಕ್ಷಿಕ. ಮೊದಲ ವಾರ ಜಾಗೃತಿ, ಎರಡನೆಯ ವಾರ ಚಿಕಿತ್ಸೆ. ಜಾಗೃತಿ ವಾರದಲ್ಲಿ ಬ್ಯಾನರು ಕಟ್ಟುತ್ತಾರೆ, ದೀಪ ಬೆಳಗುತ್ತಾರೆ, ವೇದಿಕೆಯ ಮೇಲೆ ಗಂಡಸರು ಸಾಲಾಗಿ ಕೂತು ಗಂಡಸರ ಜವಾಬ್ದಾರಿಯ ಬಗ್ಗೆ ಮಾತಾಡುತ್ತಾರೆ. ಎದುರಿಗೆ ಕುರ್ಚಿಯಲ್ಲಿ ಕೂತು ಕೇಳುವವರು ಆಶಾ ಕಾರ್ಯಕರ್ತೆಯರು, ಅಂಗನವಾಡಿ ಅಕ್ಕಂದಿರು, ನರ್ಸಬಾಯಿಗಳು. ಅರ್ಧಕ್ಕರ್ಧ ಮಂದಿ ಈಗಾಗಲೇ ಆಪರೇಷನ್ ಮಾಡಿಸಿಕೊಂಡವರು. ವೇದಿಕೆಯ ಮೇಲಿನವರಿಗೆ ನಿಮ್ಮದೇನು ಕಥೆ ಎಂದು ಕೇಳುವ ಪದ್ಧತಿ ಇಲ್ಲ. ಎರಡನೆಯ ವಾರ ಚಿಕಿತ್ಸೆಯ ಕೋಣೆ ಖಾಲಿ ಇದ್ದರೆ, ಜಾಗೃತಿ ಸಾಲಲಿಲ್ಲ ಎಂದು ವರದಿ ಹೋಗುತ್ತದೆ. ಮುಂದಿನ ವರ್ಷ ಬ್ಯಾನರು ಇನ್ನಷ್ಟು ದೊಡ್ಡದಾಗುತ್ತದೆ.

ಸಹಕಾರಕ್ಕೆ ನಮ್ಮ ಸೀಮೆ ಹೆಸರಾದದ್ದು. ಹುಕ್ಕೇರಿಯವರು 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಕಟ್ಟಿ ಊರೂರಿಗೆ ಕರೆಂಟು ಹಂಚಿದರು. ರಾಜ್ಯದಲ್ಲಿ ಅಂಥದ್ದು ಇನ್ನೊಂದಿಲ್ಲ. ಸಕ್ಕರೆಗೆ ಸಹಕಾರ, ಹಾಲಿಗೆ ಸಹಕಾರ, ಸಾಲಕ್ಕಂತೂ ಸಹಕಾರ. ಸಂಸಾರದೊಳಗೆ ಮಾತ್ರ ಷೇರುದಾರ ಒಬ್ಬ, ಡಿವಿಡೆಂಡು ಅವನಿಗೆ, ನಷ್ಟ ಪೂರಾ ಅವಳಿಗೆ.

ಹೊಣೆಯಿಂದ ಜಾರಿಕೊಳ್ಳುವ ಈ ಚಾಳಿ ಇವತ್ತಿನದಲ್ಲ. ಮೈಸೂರು ಮಹಾರಾಜರ ಸರ್ಕಾರ 1930ರ ಜೂನ್ 11ರಂದೇ ಬೆಂಗಳೂರು, ಮೈಸೂರುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಮಾಡಿತ್ತು. ಯಾವುದೇ ಸರ್ಕಾರ ತೆರೆದ ಜಗತ್ತಿನ ಮೊದಲ ಕ್ಲಿನಿಕ್‌ಗಳು ಎಂದು ಅವುಗಳ ಖ್ಯಾತಿ. ಆದರೆ ಅದು ಅವರ ಸೀಮೆ. ನಾವು ಆಗ ಮುಂಬಯಿ ಪ್ರಾಂತದವರು. ನಮ್ಮ ಪ್ರಾಂತದಲ್ಲಿ ರಘುನಾಥ ಧೋಂಡೋ ಕರ್ವೆ 1921ರಲ್ಲಿ, ಇನ್ನೂ ಒಂಬತ್ತು ವರ್ಷ ಮೊದಲೇ, ಮುಂಬಯಿಯಲ್ಲಿ ಕ್ಲಿನಿಕ್ ತೆರೆದರು. ಪ್ರತಿಫಲವಾಗಿ ವಿಲ್ಸನ್ ಕಾಲೇಜಿನ ಗಣಿತದ ಕೆಲಸ ಕಳೆದುಕೊಂಡರು, 'ಸಮಾಜ ಸ್ವಾಸ್ಥ್ಯ' ಪತ್ರಿಕೆ ನಡೆಸಿದ್ದಕ್ಕೆ ಅಶ್ಲೀಲತೆಯ ಮೊಕದ್ದಮೆ ಎದುರಿಸಿದರು. ಕೋರ್ಟಿನಲ್ಲಿ ಅವರ ಪರ ನಿಂತ ವಕೀಲರು ಡಾ. ಅಂಬೇಡ್ಕರ್. 1938ರ ನವೆಂಬರಿನಲ್ಲಿ ಅಂಬೇಡ್ಕರರ ಪಕ್ಷದವರು ಮುಂಬಯಿ ವಿಧಾನಸಭೆಯಲ್ಲಿ ಸಂತಾನ ನಿಯಂತ್ರಣದ ಸೌಲಭ್ಯ ಒದಗಿಸಿ ಎಂದು ನಿರ್ಣಯ ಮಂಡಿಸಿದರು. ಗಂಡಸರೇ ತುಂಬಿದ್ದ ಆ ಸಭೆ ಅದನ್ನು ಭಾರೀ ಬಹುಮತದಿಂದ ಬೀಳಿಸಿತು. ಈ ವಿಷಯದಲ್ಲಿ ಗಂಡಸರು ಎತ್ತುವ ಭಾರ ಅದೊಂದೇ, ವಿರೋಧಿಸಲು ಎತ್ತುವ ಕೈ.

ಗಾಂಧೀಜಿಯವರದು ಬೇರೆಯೇ ದಾರಿ. ಅಮೆರಿಕದ ಮಾರ್ಗರೆಟ್ ಸ್ಯಾಂಗರ್ 1935ರ ಡಿಸೆಂಬರಿನಲ್ಲಿ ವಾರ್ಧಾಕ್ಕೆ ಬಂದು ವಾದ ಹೂಡಿದರೂ ಅವರು ಕೃತಕ ಸಾಧನ ಒಪ್ಪಲಿಲ್ಲ; ಸಂಯಮವೇ ಉಪಾಯ ಎಂದರು. 1937ರ ಏಪ್ರಿಲಿನಲ್ಲಿ ಅವರು ಬೆಳಗಾವಿ ಹತ್ತಿರದ ನಮ್ಮ ಹುದಲಿಗೇ ಬಂದು ಗಾಂಧಿ ಸೇವಾ ಸಂಘದ ಸಮ್ಮೇಳನಕ್ಕೆ ಉಳಿದಿದ್ದರು. ನಮ್ಮವರು ಅವರಿಂದ ಖಾದಿ ಕಲಿತರು, ಚರಕ ಕಲಿತರು, ಹುದಲಿಯಲ್ಲಿ ಇಂದಿಗೂ ಖಾದಿ ನೇಯುತ್ತಾರೆ. ಕೃತಕ ಸಾಧನ ಬೇಡ ಎಂಬ ಅರ್ಧ ಉಪದೇಶವನ್ನೂ ತಪ್ಪದೆ ಇಟ್ಟುಕೊಂಡರು. ಸಂಯಮ ಎಂಬ ಉಳಿದರ್ಧ ಮಾತ್ರ ದಾರಿಯಲ್ಲೆಲ್ಲೋ ಬಿದ್ದುಹೋಯಿತು.

ಸ್ವತಂತ್ರ ಭಾರತ 1952ರಲ್ಲಿ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮ ಮಾಡಿತು. ಅದರ ಗುರುತಾಗಿ ಕೆಂಪು ತ್ರಿಕೋನ ಬಂತು, 1968ರಲ್ಲಿ ನಿರೋಧ್ ಬಂತು, "ಆರತಿಗೊಬ್ಬಳು ಕೀರ್ತಿಗೊಬ್ಬ" ಎಂಬ ಮಾತು ಗೋಡೆ ಏರಿತು. ಆ ಮಾತನ್ನು ನಮ್ಮವರು ಸರ್ಕಾರಿ ಸುತ್ತೋಲೆಯಷ್ಟೇ ಅಕ್ಷರಶಃ ಓದಿಕೊಂಡರು: ಕೀರ್ತಿಯವನು ಹುಟ್ಟುವ ತನಕ ಆರತಿಯವರು ಎಷ್ಟಾದರೂ ಆಗಲಿ.

ಗಂಡಸು ಕೈಗೇ ಸಿಗದವನಾಗಿದ್ದು ಎಲ್ಲಿಂದ ಎಂದು ಕೇಳಿದರೆ ಹಿರಿಯರು ತುರ್ತುಪರಿಸ್ಥಿತಿಯ ಹೆಸರು ಹೇಳುತ್ತಾರೆ. ಅದರಲ್ಲಿ ಹುರುಳಿದೆ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 82 ಲಕ್ಷಕ್ಕೂ ಹೆಚ್ಚು ಆಪರೇಷನ್. ಅದರಲ್ಲಿ 62 ಲಕ್ಷ ಗಂಡಸರದ್ದು. ಮಾಸ್ತರರಿಂದ ಹಿಡಿದು ತಲಾಟಿಯವರೆಗೆ ಎಲ್ಲರಿಗೂ "ಕೇಸು" ತರುವ ಗುರಿ. ಉತ್ತರ ಭಾರತದಲ್ಲಂತೂ ಹಿಡಿದು ತಂದು ಮಾಡಿದರು. ಜನ ಸಿಟ್ಟಿಗೆದ್ದರು, 1977ರಲ್ಲಿ ಸರ್ಕಾರವೇ ಉರುಳಿತು. ಹೊಸ ಸರ್ಕಾರ ಇಲಾಖೆಯ ಹೆಸರನ್ನು ಕುಟುಂಬ ಕಲ್ಯಾಣ ಎಂದು ಬದಲಿಸಿತು. ಆವತ್ತಿನಿಂದ ಎಲ್ಲ ಪಕ್ಷಗಳೂ ಒಂದು ಪಾಠ ಕಲಿತವು. ಒತ್ತಾಯ ಮಾಡಬಾರದು ಎಂಬುದಲ್ಲ ಆ ಪಾಠ. ಗಂಡಸಿಗೆ ಮಾಡಿದರೆ ಕುರ್ಚಿ ಹೋಗುತ್ತದೆ, ಹೆಂಗಸಿಗೆ ಮಾಡಿದರೆ ಏನೂ ಆಗುವುದಿಲ್ಲ ಎಂಬುದು. ಗುರಿ ಅಲ್ಲೇ ಉಳಿಯಿತು, ಹೊಟ್ಟೆ ಬದಲಾಯಿತು.

ಏನೂ ಆಗುವುದಿಲ್ಲ ಎನ್ನುವುದು ಎಲ್ಲಿಗೆ ಹೋಗಿ ಮುಟ್ಟಿತು ಎಂದರೆ, 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸ್ಪುರ ಜಿಲ್ಲೆಯ ಕ್ಯಾಂಪೊಂದರಲ್ಲಿ ಒಬ್ಬನೇ ವೈದ್ಯ ಕೆಲವೇ ತಾಸುಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿ ಮುಗಿಸಿದ. ಹದಿಮೂರು ಮಂದಿ ತಾಯಂದಿರು ಸತ್ತರು. 2016ರ ಸೆಪ್ಟೆಂಬರಿನಲ್ಲಿ ದೇವಿಕಾ ಬಿಸ್ವಾಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಇಂಥ ಕ್ಯಾಂಪುಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಎಂದು ಆದೇಶಿಸಿತು. ಇಲ್ಲಿ ನನಗೆ ತಮಾಷೆ ಮಾಡಲು ಏನೂ ತೋಚುತ್ತಿಲ್ಲ.

ಮತ್ತೆ ನಮ್ಮೂರಿಗೆ ಬರೋಣ. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಕಾಂಡೋಮ್ ಇರುತ್ತವೆ. 2011ರ ಮನೆಬಾಗಿಲ ಯೋಜನೆಯ ಪ್ರಕಾರ ಮೂರಕ್ಕೆ ಒಂದು ರೂಪಾಯಿ, ತಿಂಗಳ ಗುಳಿಗೆಗೆ ಒಂದು ರೂಪಾಯಿ, ತುರ್ತು ಗುಳಿಗೆಗೆ ಎರಡು. ಆ ಚೀಲ ಹೊತ್ತು ಆಕೆ ಬಾಗಿಲಿಗೆ ಬಂದರೆ ಗಂಡ ಹಿತ್ತಲ ಬಾಗಿಲಿನಿಂದ ಹೊಲಕ್ಕೆ ಹೋಗುತ್ತಾನೆ. "ಯಕ್ಕಾ, ನೀವ ಒಂದ ಮಾತ ಹೇಳ್ರಿ ಇವ್ರಿಗೆ," ಎಂದು ಸೊಸೆ ಮೆಲ್ಲಗೆ ಕೇಳುತ್ತಾಳೆ. "ಎಲ್ಲಿ ಹೇಳ್ಲಿ ತಂಗಿ, ನನ್ನ ಮನ್ಯಾಗಿನಾಂವನ ಕೇಳೂದಿಲ್ಲ," ಎನ್ನುತ್ತಾಳೆ ಆಶಾ. ನಾನು ಕೇಳಿದ ಕುಟುಂಬ ಕಲ್ಯಾಣದ ಭಾಷಣಗಳಲ್ಲೆಲ್ಲ ಪ್ರಾಮಾಣಿಕವಾದ ಸಾಲು ಇದೇ.

ಪೇಟೆಯ ಮೆಡಿಕಲ್ ಅಂಗಡಿಯ ಶಿಷ್ಟಾಚಾರ ಇನ್ನೂ ಸೊಗಸು. ಗಿರಾಕಿ ಬಂದು ಮೊದಲು ತಲೆನೋವಿನ ಗುಳಿಗೆ ಕೇಳುತ್ತಾನೆ. ಆಮೇಲೆ ಕೆಮ್ಮಿನ ಔಷಧಿ. ಅಂಗಡಿಯಲ್ಲಿ ಹೆಣ್ಣುಮಗಳೊಬ್ಬಳು ನಿಂತಿದ್ದರೆ ಒಂದು ಬ್ಯಾಂಡೇಜು ಪಟ್ಟಿಯನ್ನೂ ಕೊಳ್ಳುತ್ತಾನೆ. ಎಲ್ಲರೂ ಹೋದ ಮೇಲೆ ಕಣ್ಣಿನಲ್ಲೇ ಮೇಲಿನ ಕಪಾಟು ತೋರಿಸುತ್ತಾನೆ. ಅಂಗಡಿಯವನು ಡಬ್ಬಿಯನ್ನು ಹಳೇ ಪೇಪರಿನಲ್ಲಿ ಸುತ್ತಿ, ಅದನ್ನು ಕರಿ ಚೀಲದಲ್ಲಿ ಹಾಕಿ, ಕದ್ದ ಮಾಲಿನ ಹಾಗೆ ದಾಟಿಸುತ್ತಾನೆ. ಪಕ್ಕದ ಅಂಗಡಿಯಲ್ಲಿ ಗುಟ್ಕಾದ ಮಾಲೆ ತೂಗುಬಿಟ್ಟಿದೆ. ಅದಕ್ಕೆ ಪೇಪರೂ ಬೇಡ, ಮಾನವೂ ಬೇಡ. ಇನ್ನು ಮದುವೆಯಾಗದ ಹುಡುಗಿಯೊಬ್ಬಳು 72 ತಾಸಿನೊಳಗೆ ನುಂಗುವ ತುರ್ತು ಗುಳಿಗೆ ಕೇಳಿದಳೋ, ಸಂಜೆಯೊಳಗೆ ಅವಳ ಮಾವನ ಮಗನಿಗೆ ಫೋನು ಹೋಗುತ್ತದೆ. ಗೋಪ್ಯತೆ ಎನ್ನುವುದು ಗಂಡಸಿನ ಮೀಸಲು ಕ್ಷೇತ್ರ.

ಕಾಗದದ ಮೇಲಿನ ನಿಯಮ ಬಹಳ ಚೆನ್ನಾಗಿದೆ. ಆಪರೇಷನ್ನಿಗೆ ಬೇಕಾದದ್ದು ಮಾಡಿಸಿಕೊಳ್ಳುವವರ ಒಪ್ಪಿಗೆ ಒಂದೇ. ಗಂಡನದ್ದಾಗಲಿ ಹೆಂಡತಿಯದ್ದಾಗಲಿ ಸಹಿ ಬೇಕಿಲ್ಲ ಎಂದು ಕೇಂದ್ರದ ಮಾರ್ಗಸೂಚಿಯಲ್ಲಿದೆ. ಹೆಂಗಸಿಗೆ 22 ತುಂಬಿರಬೇಕು, 49ರೊಳಗಿರಬೇಕು, ಒಂದು ವರ್ಷ ದಾಟಿದ ಒಂದು ಮಗುವಾದರೂ ಇರಬೇಕು. ಅಷ್ಟೇ. ಆದರೆ ಎಷ್ಟೋ ಕಡೆ ಮೊದಲ ಪ್ರಶ್ನೆ "ಯಜಮಾನರು ಬಂದಾರೇನ?" ಎಂದೇ. ತನ್ನ ನಾಳಕ್ಕೆ ಸೂಜಿ ತಾಗಗೊಡದ ಯಜಮಾನ ಆಕೆಯ ನಾಳಕ್ಕೆ ಸಹಿ ಹಾಕಲು ಮಾತ್ರ ಇಸ್ತ್ರಿ ಅಂಗಿ ತೊಟ್ಟು ಬರುತ್ತಾನೆ. ಆಪರೇಷನ್ ಮುಗಿದ ಮೇಲೆ ಏಳು ದಿನ ವಿಶ್ರಾಂತಿ, ಭಾರ ಎತ್ತಬಾರದು ಎಂದು ಡಾಕ್ಟರು ಬರೆದುಕೊಡುತ್ತಾರೆ. ಮೂರನೆಯ ದಿನ ಆಕೆ ಕೊಡ ಎತ್ತುತ್ತಾಳೆ. ಭಾರ ಎತ್ತುವವರು ತಾವು ಎಂದು ಹೇಳಿದವರು ಕಟ್ಟೆಯ ಮೇಲೆ ಕೂತಿರುತ್ತಾರೆ.

ಹೆಂಗಸರ ಆಪರೇಷನ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಬೇಕೆಂದು, ತಿಳಿದು, ತಾನೇ ಆರಿಸಿಕೊಂಡವಳಿಗೆ ಅದು ಬಿಡುಗಡೆ. ಪ್ರತಿ ತಿಂಗಳ ದಿಗಿಲಿನಿಂದ ಪಾರಾದೆ ಎಂದು ನಿಟ್ಟುಸಿರು ಬಿಟ್ಟವರನ್ನು ಬಲ್ಲೆ. ತಕರಾರು ಇಷ್ಟೇ: ಏಳೆಂಟು ಬಗೆಯಲ್ಲಿ ಒಂದೇ ಬಗೆ, ಇಬ್ಬರಲ್ಲಿ ಒಬ್ಬಳೇ, ಅದೂ ಅವಳಿಲ್ಲದ ಸಭೆಯಲ್ಲಿ ಪಾಸಾಗುವುದನ್ನು ಆಯ್ಕೆ ಎಂದು ಕರೆಯಲಾಗದು. ಅದು ನೇಮಕಾತಿ ಆದೇಶ.

ಗೋಕಾಕ, ಮೂಡಲಗಿ, ಹುಕ್ಕೇರಿಯ ಗಂಡಸರೇ, ಈ ಸಲದ ಪಾಕ್ಷಿಕಕ್ಕೆ ಭಾಷಣ ಮಾಡಲು ಹೋಗಬೇಡಿ, ಮಾಡಿಸಿಕೊಳ್ಳಲು ಹೋಗಿ. ಎರಡು ಮಕ್ಕಳಾಗಿ ಇನ್ನು ಸಾಕು ಎಂದು ಇಬ್ಬರಿಗೂ ಅನಿಸಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಪಾಕ್ಷಿಕ ಮುಗಿದಿದ್ದರೂ ಅಡ್ಡಿಯಿಲ್ಲ, ಉಳಿದ ದಿನವೂ ವ್ಯವಸ್ಥೆ ಕೇಳುವ ಹಕ್ಕು ನಿಮಗಿದೆ. ಇನ್ನೂ ಸಾಕು ಅನಿಸದಿದ್ದರೆ ಹೆಂಡತಿಯನ್ನು ಕರೆದುಕೊಂಡು ಹೋಗಿ ಇಬ್ಬರೂ ಕೂತು ನರ್ಸಬಾಯಿಯ ಮಾತು ಕೇಳಿ, ಬುಟ್ಟಿಯಲ್ಲಿ ಏನೇನಿದೆ ಎಂದು ಆಕೆಯೇ ನೋಡಲಿ, ಆಕೆಯೇ ಹೇಳಲಿ. ಅಷ್ಟೂ ಆಗದಿದ್ದರೆ ಕಣಗಲಾದ ಮಾಲಾದರೂ ಕೊಳ್ಳಿ. ಆಶಾ ಅಕ್ಕನ ಹತ್ತಿರ ಮೂರಕ್ಕೆ ಒಂದು ರೂಪಾಯಿ, ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ.